ಪಾರ್ಟಿಯ ಮರುದಿನ ಪಾನಕ, ಗಂಜಿ, ನಿದ್ದೆ

ಬೆಂಗಳೂರಿನ ಬಾರಿನಲ್ಲಿ ಪೆಗ್ ಅಳೆದು ಕೊಡುತ್ತಾರೆ. ಸ್ಮಾಲ್ ಎಂದರೆ 30 ಮಿಲಿ, ಲಾರ್ಜ್ ಎಂದರೆ 60 ಮಿಲಿ. ಹನಿ ಕಡಿಮೆಯಾದರೂ ಜಗಳವೇ. ನ್ಯೂಜೆರ್ಸಿಯ ಮನೆಗಳ ಬೇಸ್‌ಮೆಂಟಿನಲ್ಲಿ ಅಳೆಯುವವರು ಯಾರೂ ಇಲ್ಲ. 1.75 ಲೀಟರಿನ ದೊಡ್ಡ ಬಾಟಲಿ, ಕೆಂಪು ಪ್ಲಾಸ್ಟಿಕ್ ಲೋಟ, ಮೇಲೆ ಮನೆಯವರ ಪ್ರೀತಿ. "ಇಷ್ಟೇ ಸಾಕಾ ಸಾರ್?" ಎಂದು ಬಾಟಲಿ ಬಗ್ಗಿಸಿದಾಗ ನಾವು ಒಂದು ಪೆಗ್ ಎಂದುಕೊಂಡಿದ್ದು ಒಂದೂವರೆ ಆಗಿರುತ್ತದೆ, ರಾತ್ರಿ ಏರಿದಂತೆ ಎರಡೂ ಆಗುತ್ತದೆ. ಮರುದಿನದ ತಲೆನೋವು ಬಹಳ ಸಲ ಹುಟ್ಟುವುದು ಈ ಕೈ ಅಳತೆಯಲ್ಲೇ.

ಕ್ರ್ಯಾನ್‌ಬರಿ ಅಂಥ ಮನೆಪಾರ್ಟಿಗಳ ಸೀಮೆ. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾಗಳ ನಡುವೆ, ಟರ್ನ್‌ಪೈಕ್ ಹೆದ್ದಾರಿಯ 8ಎ ಎಕ್ಸಿಟ್ ಹತ್ತಿರ ಇರುವ ಸಣ್ಣ ಊರು. ಹಳೆಯ ಮನೆಗಳ ಮೇನ್ ಸ್ಟ್ರೀಟ್, ಪಕ್ಕದಲ್ಲಿ ಬ್ರೇನರ್ಡ್ ಕೆರೆ, ಆಚೆಗೆ 130ನೇ ಹೆದ್ದಾರಿ, ಅದರಾಚೆ ಸಾಲು ಸಾಲು ಗೋದಾಮುಗಳು. ಸುತ್ತಲಿನ ಪ್ಲೇನ್ಸ್‌ಬರೊ, ಮನ್ರೋ, ಸೌತ್ ಬ್ರನ್ಸ್‌ವಿಕ್‌, ಈಸ್ಟ್ ವಿಂಡ್ಸರ್‌ಗಳಲ್ಲಿ ಕನ್ನಡದ ಮನೆಗಳಿವೆ. ಮ್ಯಾನ್‌ಹ್ಯಾಟನ್‌ನಲ್ಲಿ ಕುಡಿದವರು ಸಬ್‌ವೇ ಹತ್ತಿ ಮನೆ ಸೇರಬಹುದು. ಇಲ್ಲಿ ಹಾಲು ತರಲಿಕ್ಕೂ ಕಾರು ಬೇಕು, ಭಾನುವಾರ ಬೆಳಿಗ್ಗೆ ಮಗಳನ್ನು ಈಜಿಗೆ ಬಿಡಲಿಕ್ಕೂ ಕಾರೇ. ಹಾಗಾಗಿ ಹ್ಯಾಂಗೋವರಿಗೆ ಮನೆಮದ್ದು ಹೇಳಲು ಹೊರಟ ಈ ಲೇಖನದಲ್ಲಿ ಅಡುಗೆಮನೆಯ ಜೊತೆಗೆ ಕಾರಿನ ಕೀಲಿಯ ಮಾತೂ ಬರುತ್ತದೆ.

ಮೊದಲು ನಿರಾಸೆಯ ಸುದ್ದಿ ಹೇಳಿಬಿಡುತ್ತೇನೆ. ಹ್ಯಾಂಗೋವರನ್ನು ಗುಣಪಡಿಸುವ ಮದ್ದು ಇಲ್ಲ. ಮನೆಯಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಪರಿಶೀಲನೆ ಅದುವರೆಗಿನ ಪ್ರಯೋಗಗಳನ್ನೆಲ್ಲ ಜರಡಿ ಹಿಡಿದು, ನಂಬುವಂಥದ್ದು ಒಂದೂ ಸಿಗಲಿಲ್ಲ ಎಂದಿತು. 2022ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು 21 ಅಧ್ಯಯನಗಳನ್ನು ಮತ್ತೆ ನೋಡಿದರು. ಅವರದೂ ಅದೇ ತೀರ್ಪು, ಪುರಾವೆಗಳ ಗುಣಮಟ್ಟ ತೀರಾ ಕಳಪೆ. 2020ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಹ್ಯಾಂಗೋವರ್ ವಾಸಿ ಮಾಡುತ್ತೇವೆ ಎಂದು ಪುಡಿ, ಗುಳಿಗೆ ಮಾರುತ್ತಿದ್ದ ಏಳು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. ಆದ್ದರಿಂದ ಗ್ಯಾಸ್ ಸ್ಟೇಷನ್ನಿನ ಕೌಂಟರಿನಲ್ಲಿ ಕಾಣುವ ಸಣ್ಣ ಸೀಸೆಗೆ ದುಡ್ಡು ಸುರಿಯಬೇಡಿ. ನ್ಯೂಯಾರ್ಕಿನಲ್ಲಿ ಈಗ ಮನೆಗೇ ಬಂದು ಸಲೈನ್ ಏರಿಸುವವರೂ ಇದ್ದಾರೆ. ಬಾಯಿಂದ ನೀರು ಕುಡಿಯಬಲ್ಲವರಿಗೆ ಅದರ ಅಗತ್ಯವಿಲ್ಲ.

ಹಾಗಾದರೆ ಗಂಜಿ, ಪಾನಕ ಏನು ಮಾಡುತ್ತವೆ? ದೇಹ ತನ್ನ ಕೆಲಸ ಮುಗಿಸುವ ತನಕ ನಮ್ಮ ನರಳಾಟವನ್ನು ಕಡಿಮೆ ಮಾಡುತ್ತವೆ. ಅಷ್ಟೇ. ಆ ಅಷ್ಟೇ ಎನ್ನುವುದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬಹಳ ದೊಡ್ಡದು.

ದೇಹದ ಆ ಕೆಲಸ ಯಾವುದು ಎಂದು ತಿಳಿದರೆ ಯಾವ ಮದ್ದು ಯಾಕೆ ಎನ್ನುವುದೂ ತಿಳಿಯುತ್ತದೆ. ಮದ್ಯ ಹೊಟ್ಟೆಗೆ ಹೋದ ಮೇಲೆ ಯಕೃತ್ತು ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ಪದಾರ್ಥವಾಗಿ, ಆಮೇಲೆ ನಿರುಪದ್ರವಿ ಅಸಿಟೇಟ್ ಆಗಿ ಒಡೆಯುತ್ತದೆ. ಈ ಕೆಲಸಕ್ಕೆ ತನ್ನದೇ ಒಂದು ವೇಗವಿದೆ. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಎಂದರೆ 14 ಗ್ರಾಂ ಶುದ್ಧ ಮದ್ಯ: 355 ಮಿಲಿ ಬಿಯರು, 148 ಮಿಲಿ ವೈನು ಅಥವಾ 44 ಮಿಲಿ ವಿಸ್ಕಿ. ಅಂಥ ಒಂದನ್ನು ಕರಗಿಸಲು ಸುಮಾರು ಒಂದು ಗಂಟೆ ಬೇಕು. ಕಾಫಿ ಕುಡಿದರೂ, ತಣ್ಣೀರು ಸ್ನಾನ ಮಾಡಿದರೂ, ಟ್ರೆಡ್‌ಮಿಲ್ ಮೇಲೆ ಬೆವರಿದರೂ ಆ ವೇಗ ಹೆಚ್ಚುವುದಿಲ್ಲ. ನಮ್ಮ ಲಾರ್ಜ್ ಪೆಗ್ ಒಂದರಲ್ಲಿ ಸುಮಾರು 19 ಗ್ರಾಂ ಮದ್ಯವಿರುತ್ತದೆ; ಅಂದರೆ ಅದು ಇಲ್ಲಿನ ಒಂದು ಡ್ರಿಂಕಿಗಿಂತ ಮೂರನೇ ಒಂದು ಪಾಲು ಹೆಚ್ಚು. ಆ 1.75 ಲೀಟರಿನ ಬಾಟಲಿಯೊಳಗೆ ಇಂಥ 39 ಡ್ರಿಂಕ್ ಅಡಗಿವೆ. ನಾಲ್ಕು ಜನ ಗೆಳೆಯರು ಮಾತಿನ ಭರದಲ್ಲಿ ಅದನ್ನು ಮುಗಿಸಿದರೆ ಒಬ್ಬೊಬ್ಬರ ಪಾಲಿಗೆ ಸುಮಾರು ಹತ್ತು ಗಂಟೆಯ ಕೆಲಸ ಬಿದ್ದ ಹಾಗೆ.

ವಿಚಿತ್ರವೆಂದರೆ, ತಲೆನೋವು ತುದಿ ಮುಟ್ಟುವುದು ಅಮಲು ಏರಿದಾಗ ಅಲ್ಲ, ರಕ್ತದಲ್ಲಿ ಮದ್ಯ ಸೊನ್ನೆಯ ಹತ್ತಿರ ಇಳಿದಾಗ. ಅಲ್ಲಿಂದ ಅದು 24 ಗಂಟೆ ಅಥವಾ ಇನ್ನೂ ಹೆಚ್ಚು ಎಳೆಯಬಹುದು. ಕಾರಣಗಳೂ ಒಂದೆರಡಲ್ಲ. ಮೂತ್ರವನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಮದ್ಯ ತಡೆಯುತ್ತದೆ. 50 ಗ್ರಾಂ ಮದ್ಯ ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ 600ರಿಂದ 1,000 ಮಿಲಿಯಷ್ಟು ನೀರು ಹೊರಹೋಗುತ್ತದೆ. ಹೊಟ್ಟೆಯ ಒಳಪದರ ಕೆರಳುತ್ತದೆ, ಆಮ್ಲ ಹೆಚ್ಚುತ್ತದೆ. ಯಕೃತ್ತು ಮದ್ಯದಲ್ಲೇ ಮುಳುಗಿರುವುದರಿಂದ ಸಕ್ಕರೆ ತಯಾರಿಸುವ ತನ್ನ ಮಾಮೂಲಿ ಕೆಲಸವನ್ನು ಹಿಂದೆ ಹಾಕುತ್ತದೆ. ಇನ್ನು ನಿದ್ದೆ. ಕುಡಿದು ಮಲಗಿದವರು ಬೇಗ ನಿದ್ದೆ ಹೋಗುತ್ತಾರೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಆ ನಿದ್ದೆ ಚೂರು ಚೂರಾಗುತ್ತದೆ. ಎಂಟು ಗಂಟೆ ಮಲಗಿದರೂ ಮೈ ನಾಲ್ಕೇ ಗಂಟೆ ಮಲಗಿದಂತೆ ಏಳುವುದು ಇದಕ್ಕೇ. ಇವುಗಳ ಜೊತೆಗೆ ದೇಹದಲ್ಲಿ ಜ್ವರ ಬಂದಾಗಿನಂಥ ಉರಿಯೂತವೂ ಇರುತ್ತದೆ. ಮೈಕೈ ನೋವು ಅದರದ್ದು.

ನೀರು, ಉಪ್ಪು, ಸ್ವಲ್ಪ ಸಕ್ಕರೆ, ಕೆರಳದ ಹೊಟ್ಟೆ, ನಿದ್ದೆ. ಬೇಕಾದದ್ದು ಇಷ್ಟು. ಈಗ ಅಡುಗೆಮನೆಗೆ ಹೋಗೋಣ.

ರಾಮನವಮಿಯ ತಟ್ಟೆಯನ್ನು ನೆನಪಿಸಿಕೊಳ್ಳಿ: ಪಾನಕ, ನೀರುಮಜ್ಜಿಗೆ, ಕೋಸಂಬರಿ. ಬೇಸಿಗೆಯಲ್ಲಿ ಬೆವರಿ ಬಂದವರಿಗೆ ಕೊಡುತ್ತಿದ್ದ ಮೊದಲ ಎರಡು, ಕುಡಿದು ಎದ್ದವರಿಗೂ ಒಪ್ಪುತ್ತವೆ. (ದೇವರ ಪ್ರಸಾದವನ್ನು ಇಲ್ಲಿಗೆ ಎಳೆತಂದದ್ದಕ್ಕೆ ಹಿರಿಯರು ಬೈದರೆ ಬೈಯಲಿ.) ಭೇದಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮನೆಯಲ್ಲೇ ಮಾಡಿಕೊಳ್ಳುವ ಜೀವಜಲದ ಅಳತೆ ಹೀಗಿದೆ: ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅದಕ್ಕೇ ಒಂದು ನಿಂಬೆಹಣ್ಣು ಹಿಂಡಿ, ಚಿಟಿಕೆ ಒಣಶುಂಠಿ ಪುಡಿ, ಒಂದು ಏಲಕ್ಕಿ ಜಜ್ಜಿ ಹಾಕಿದರೆ ಪಾನಕದ ರುಚಿಯೇ ಬರುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಿದರೂ ನಡೆಯುತ್ತದೆ. ಓಕ್ ಟ್ರೀ ರೋಡಿನ ಭಾರತೀಯ ದಿನಸಿ ಅಂಗಡಿ ಪಟೇಲ್ ಬ್ರದರ್ಸ್‌ನಿಂದ ತಂದ ಬೆಲ್ಲದ ಅಚ್ಚು ಹೇಗೂ ಡಬ್ಬಿಯಲ್ಲಿ ಇರುತ್ತದಲ್ಲ. ಒಂದು ಎಚ್ಚರ: ಅಮೆರಿಕದ ಅಡುಗೆಮನೆಯಲ್ಲಿ ಎರಡು ಬಗೆಯ ಉಪ್ಪಿರುತ್ತದೆ. ಅಳತೆಗೆ ನುಣ್ಣನೆಯ ಟೇಬಲ್ ಸಾಲ್ಟ್ ಬಳಸಿ. ಹರಳು ಹರಳಾದ ಕೋಷರ್ ಸಾಲ್ಟ್ ಚಮಚದಲ್ಲಿ ಕಡಿಮೆ ತೂಗುತ್ತದೆ.

ಇದನ್ನು ಗಟಗಟನೆ ಕುಡಿದರೆ ಅದೇ ವೇಗದಲ್ಲಿ ವಾಪಸು ಬರುತ್ತದೆ. ಅರ್ಧ ಲೋಟ ತೆಗೆದುಕೊಂಡು ಗುಟುಕು ಗುಟುಕಾಗಿ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತಷ್ಟು. ಬೆಳಗಿನ ಹೊತ್ತಿನಲ್ಲಿ ಲೀಟರ್ ಮುಗಿದರೆ ಸಾಕು. ಬಿಪಿ ಇದ್ದು ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರೆ ಉಪ್ಪಿಲ್ಲದೆ ಬರೀ ನಿಂಬೆ ನೀರು, ತಿಳಿ ಮಜ್ಜಿಗೆ ಕುಡಿಯಿರಿ.

ಮಜ್ಜಿಗೆಯ ವಿಷಯದಲ್ಲಿ ಇಲ್ಲಿಗೆ ಹೊಸದಾಗಿ ಬಂದವರು ಎಡವುವುದುಂಟು. ಸೂಪರ್ ಮಾರ್ಕೆಟ್ಟಿನ ಡಬ್ಬಿಯ ಮೇಲೆ ಬಟರ್‌ಮಿಲ್ಕ್ ಎಂದು ಬರೆದದ್ದು ನಮ್ಮ ಮಜ್ಜಿಗೆಯಲ್ಲ. ಅದು ಬೇಕಿಂಗಿಗೆ ಬಳಸುವ, ಹೆಪ್ಪು ಹಾಕಿದ ಗಟ್ಟಿ ಹಾಲು. ಬಹಳಷ್ಟರಲ್ಲಿ ಉಪ್ಪೂ ಸೇರಿರುತ್ತದೆ. ಅದೇ ಇದ್ದರೆ ಮೂರು ಪಾಲು ನೀರು ಬೆರೆಸಿ, ರುಚಿ ನೋಡಿದ ಮೇಲೆ ಉಪ್ಪಿನ ಮಾತು. ಗ್ರೀಕ್ ಯೋಗರ್ಟ್‌ಗಿಂತ ಸಾದಾ ಹೋಲ್ ಮಿಲ್ಕ್ ಯೋಗರ್ಟ್ ವಾಸಿ. ಕಾಲು ಬಟ್ಟಲು ಮೊಸರಿಗೆ ಒಂದು ದೊಡ್ಡ ಲೋಟ ನೀರು, ಚಿಟಿಕೆ ಉಪ್ಪು, ಚಿಟಿಕೆ ಇಂಗು, ಹುರಿದ ಜೀರಿಗೆಯ ಪುಡಿ, ಎರಡು ಎಲೆ ಕರಿಬೇವು. ಹಸಿಮೆಣಸು ಇವತ್ತು ಬೇಡ. ಎಳನೀರೆಂದು ಬಾಟಲಿಯಲ್ಲಿ ಬರುವುದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಅದಕ್ಕೂ ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳಿ. ಮಕ್ಕಳಿಗೆಂದು ತಂದಿಟ್ಟ ಪೀಡಿಯಲೈಟ್ ಇದ್ದರೆ ಅದೂ ಆದೀತು. ಗೇಟರೇಡ್‌ಗಿಂತ ಅದರಲ್ಲಿ ಸಕ್ಕರೆ ಕಡಿಮೆ, ಉಪ್ಪು ಹೆಚ್ಚು.

ನೀರೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ನಂಬಿದವರೂ ಇದ್ದಾರೆ. ನೀರಿನಿಂದ ಬಾಯಾರಿಕೆ, ಒಣಗಿದ ನಾಲಿಗೆ, ತಲೆಸುತ್ತು ಇಳಿಯುತ್ತವೆ. ಉರಿಯೂತ, ಕೆಟ್ಟ ನಿದ್ದೆ, ಹೊಟ್ಟೆಯ ಕೆರಳಿಕೆ ನೀರಿನ ಮಾತು ಕೇಳುವುದಿಲ್ಲ.

ವಾಕರಿಕೆ ಇದ್ದರೆ ಶುಂಠಿ. ಹೆಬ್ಬೆರಳಿನ ಗಾತ್ರದ ಹಸಿಶುಂಠಿ ಜಜ್ಜಿ ಎರಡು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಸೋಸಿ, ಸ್ವಲ್ಪ ಬೆಲ್ಲ ಹಾಕಿ ಬೆಚ್ಚಗೆ ಕುಡಿಯಿರಿ. ಗರ್ಭಿಣಿಯರ ವಾಕರಿಕೆಗೆ ಶುಂಠಿ ಉಪಯೋಗವಾಗುವುದನ್ನು ಅಧ್ಯಯನಗಳು ತೋರಿಸಿವೆ. ಹ್ಯಾಂಗೋವರಿಗೆಂದೇ ಅಷ್ಟು ಗಟ್ಟಿ ಪುರಾವೆ ಇಲ್ಲದಿದ್ದರೂ ಇದರಿಂದ ಕೆಡುಕಂತೂ ಇಲ್ಲ. ಧನಿಯಾ ಜೀರಿಗೆ ಕಷಾಯವನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ.

ಊಟಕ್ಕೆ ಬಂದರೆ ನನ್ನ ಮತ ಗಂಜಿಗೆ. ದಕ್ಷಿಣ ಕನ್ನಡದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಕುಚ್ಚಲಕ್ಕಿಯ ಗಂಜಿ, ಮೇಲೆ ತೇಲುವ ಬಿಸಿ ತಿಳಿ, ಉಪ್ಪು, ಮಿಡಿ ಉಪ್ಪಿನಕಾಯಿಯ ಒಂದು ಚೂರು. ನೀರು, ಉಪ್ಪು, ನಿಧಾನಕ್ಕೆ ಏರುವ ಸಕ್ಕರೆ, ಮೆತ್ತಗಿನ ಆಹಾರ, ಬೇಕಾದದ್ದೆಲ್ಲ ಒಂದೇ ಬಟ್ಟಲಿನಲ್ಲಿ. ಹಳೇ ಮೈಸೂರಿನವರಿಗೆ ರಾಗಿ ಅಂಬಲಿ ಇದೆ, ಉತ್ತರ ಕರ್ನಾಟಕದವರಿಗೆ ಜೋಳದ ನುಚ್ಚು ಮಜ್ಜಿಗೆ ಇದೆ. ಕುಚ್ಚಲಕ್ಕಿ ಬೇಯುವ ತನಕ ಕಾಯಲಾಗದವರು ಸೋನಾಮಸೂರಿಯನ್ನೇ ಒಂದಕ್ಕೆ ಏಳರಷ್ಟು ನೀರಿಟ್ಟು ಕುಕ್ಕರಿನಲ್ಲಿ ಕೂಗಿಸಿ. ಅದೂ ಆಗದಿದ್ದರೆ ಫ್ರೀಜರಿನಲ್ಲಿರುವ ಇಡ್ಲಿ, ಬಾಳೆಹಣ್ಣು, ಮೊಸರನ್ನ, ತಿಳಿಸಾರು ಅನ್ನ. ಸಾರಿಗೆ ಖಾರ ಕಡಿಮೆ ಇರಲಿ.

ಪ್ರಪಂಚದ ಬೇರೆಯವರೂ ಹುಡುಕಿಕೊಂಡದ್ದು ಹೆಚ್ಚುಕಡಿಮೆ ಇದನ್ನೇ. ಕೊರಿಯಾದವರಿಗೆ ಹೇಜಂಗುಕ್ ಎಂಬ ಸೂಪು, ಮೆಕ್ಸಿಕೋದವರಿಗೆ ಮೆನುಡೊ, ಪೋಲೆಂಡಿನವರಿಗೆ ಉಪ್ಪಿನಕಾಯಿಯ ರಸ, ಜರ್ಮನರಿಗೆ ಹುಳಿ ಹಾಕಿದ ಹೆರಿಂಗ್ ಮೀನು. ಎಲ್ಲದರಲ್ಲೂ ಉಪ್ಪು, ಬಹುಪಾಲು ಕಡೆ ಹುಳಿ ಅಥವಾ ಬಿಸಿ ನೀರು. ನ್ಯೂಜೆರ್ಸಿಯ ಪದ್ಧತಿ ಬೇರೆ. ಇಲ್ಲಿನವರು ಡೈನರಿಗೆ ಹೋಗಿ ಟೇಲರ್ ಹ್ಯಾಮ್, ಮೊಟ್ಟೆ, ಚೀಸ್ ಸೇರಿದ ಸ್ಯಾಂಡ್‌ವಿಚ್ ತಿನ್ನುತ್ತಾರೆ. ಟ್ರೆಂಟನ್ನಿನ ಜಾನ್ ಟೇಲರ್ 1856ರಲ್ಲಿ ತಯಾರಿಸಿದ ಹಂದಿಮಾಂಸ ಅದು. ಉತ್ತರ ಜೆರ್ಸಿಯವರು ಟೇಲರ್ ಹ್ಯಾಮ್ ಎನ್ನುತ್ತಾರೆ, ದಕ್ಷಿಣದವರು ಪೋರ್ಕ್ ರೋಲ್ ಎನ್ನುತ್ತಾರೆ, ಆ ಜಗಳ ಇನ್ನೂ ಮುಗಿದಿಲ್ಲ. ಮಾಂಸಾಹಾರಿಗಳಿಗೆ ರುಚಿಯೇನೋ ಸೊಗಸು. ಆದರೆ ಜಿಡ್ಡು ಕೆಲಸಕ್ಕೆ ಬರುವುದು ಕುಡಿಯುವ ಮೊದಲು. ಹೊಟ್ಟೆಯಲ್ಲಿ ಊಟವಿದ್ದರೆ ಮದ್ಯ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಮರುದಿನ ಬೆಳಿಗ್ಗೆ ಹೀರಿಕೊಳ್ಳಲು ಅಲ್ಲಿ ಏನೂ ಉಳಿದಿರುವುದಿಲ್ಲ; ಕೆರಳಿದ ಹೊಟ್ಟೆಗೆ ಎಣ್ಣೆ ಇನ್ನಷ್ಟು ಹೊರೆ. ರಾತ್ರಿ ಉಳಿದ ಬಿರಿಯಾನಿಗೂ ಮಂಡ್ಯ ಮೈಸೂರು ಕಡೆ ಹೆಸರಾದ ಖಾರದ ಕಾಲು ಸೂಪಿಗೂ ಇದೇ ಮಾತು. ಸೂಪಿನ ನೀರು ಮತ್ತು ಉಪ್ಪು ಒಳ್ಳೆಯದು, ಮೆಣಸಿನಕಾಯಿ ಮಾತ್ರ ಹಗೆ.

ಕಾಫಿಯ ಬಗ್ಗೆ ಕೇಳದೆ ಕನ್ನಡಿಗರು ಬಿಡುವುದಿಲ್ಲ. ಕಾಫಿ ಅಮಲು ಇಳಿಸುವುದಿಲ್ಲ, ಅಮಲಿನಲ್ಲಿದ್ದವನನ್ನು ಎಚ್ಚರವಾಗಿರಿಸುತ್ತದೆ ಅಷ್ಟೇ. ಆದರೆ ದಿನಾ ಬೆಳಿಗ್ಗೆ ಫಿಲ್ಟರ್ ಕಾಫಿ ಕುಡಿಯುವವರು ಇವತ್ತು ಬಿಟ್ಟರೆ ಕೆಫೀನ್ ಸಿಗದ ತಲೆನೋವು ಇದರ ಮೇಲೆ ಸೇರಿಕೊಳ್ಳುತ್ತದೆ. ಗಂಜಿಯಾದ ಮೇಲೆ ಅರ್ಧ ಲೋಟ, ಹಾಲು ಸೇರಿಸಿ. ಖಾಲಿ ಹೊಟ್ಟೆಗೆ ಕಪ್ಪು ಕಾಫಿ ಬೇಡ.

ಆಮೇಲೆ ಪರದೆ ಎಳೆದು ಮಲಗಿ. ಮಿಕ್ಕ ಎಲ್ಲಕ್ಕಿಂತ ಹೆಚ್ಚು ಗುಣ ಕಾಣುವುದು ಇದರಲ್ಲೇ. ಮನೆಯಲ್ಲಿ ಮಕ್ಕಳಿದ್ದರೆ ಸಂಗಾತಿಯೊಡನೆ ಏನು ಒಪ್ಪಂದ ಮಾಡಿಕೊಳ್ಳುತ್ತೀರೋ ಅದು ನಿಮಗೆ ಬಿಟ್ಟದ್ದು.

ಈಗ ಔಷಧಿ ಪೆಟ್ಟಿಗೆ. ಈ ಲೇಖನದಲ್ಲಿ ಒಂದೇ ಭಾಗ ನೆನಪಿಡಬೇಕೆಂದರೆ ಇದನ್ನು ಇಟ್ಟುಕೊಳ್ಳಿ. ತಲೆನೋವು ಎಂದ ಕೂಡಲೇ ನಮ್ಮ ಕೈ ಹೋಗುವುದು ಊರಿಂದ ತಂದ ಡೋಲೋ 650 ಅಥವಾ ಕ್ರೋಸಿನ್‌ಗೆ, ಇಲ್ಲವೇ ಇಲ್ಲಿನ ಟೈಲೆನಾಲ್‌ಗೆ. ಮೂರೂ ಒಂದೇ ಮದ್ದು. ಭಾರತದಲ್ಲಿ ಪ್ಯಾರಾಸಿಟಮಾಲ್, ಅಮೆರಿಕದಲ್ಲಿ ಅಸಿಟಮಿನೊಫೆನ್ ಎನ್ನುತ್ತಾರೆ. ಇದನ್ನು ಒಡೆಯಬೇಕಾದದ್ದೂ ಯಕೃತ್ತೇ. ಹಾಗೆ ಒಡೆಯುವಾಗ ಅದರ ಸಣ್ಣ ಪಾಲು ಒಂದು ವಿಷವಸ್ತುವಾಗುತ್ತದೆ. ಹೆಚ್ಚು ಕುಡಿಯುವವರಲ್ಲಿ ಆ ಪಾಲು ದೊಡ್ಡದಾಗುತ್ತದೆ, ಅದನ್ನು ತಟಸ್ಥಗೊಳಿಸುವ ಶಕ್ತಿಯೂ ಕುಗ್ಗಿರುತ್ತದೆ. ದಿನಕ್ಕೆ ಮೂರು ಅಥವಾ ಹೆಚ್ಚು ಡ್ರಿಂಕ್ ಕುಡಿಯುವವರಿಗೆ ಯಕೃತ್ತಿನ ಅಪಾಯವಿದೆ ಎಂದು ಟೈಲೆನಾಲ್ ಪೆಟ್ಟಿಗೆಯ ಮೇಲೆ ಮುದ್ರಿಸಿರುತ್ತಾರೆ, ಓದುವವರು ಕಡಿಮೆ.

ತೊಂದರೆ ಏನೆಂದರೆ ಇದು ಬೇರೆ ಹೆಸರುಗಳೊಳಗೂ ಅಡಗಿರುತ್ತದೆ. ಎಕ್ಸೆಡ್ರಿನ್‌ನ ಒಂದು ಗುಳಿಗೆಯಲ್ಲಿ 250 ಮಿಲಿಗ್ರಾಂ ಅಸಿಟಮಿನೊಫೆನ್, ಅಷ್ಟೇ ಆಸ್ಪಿರಿನ್, 65 ಮಿಲಿಗ್ರಾಂ ಕೆಫೀನ್ ಇದೆ. ನೈಕ್ವಿಲ್, ಡೇಕ್ವಿಲ್ ಎರಡರಲ್ಲೂ ಇದೆ. ಊರಿನ ಸಾರಿಡಾನ್‌ನಲ್ಲಿದೆ, ಕಾಂಬಿಫ್ಲಾಮ್‌ನಲ್ಲೂ ಐಬುಪ್ರೊಫೆನ್ ಜೊತೆ 325 ಮಿಲಿಗ್ರಾಂ ಇದೆ. ಡೋಲೋ ನುಂಗಿ ಕಡಿಮೆಯಾಗಲಿಲ್ಲವೆಂದು ಎಕ್ಸೆಡ್ರಿನ್ ನುಂಗಿದವರು ಒಂದೇ ಮದ್ದನ್ನು ಎರಡು ಸಲ ತೆಗೆದುಕೊಂಡಂತೆ.

ಹಾಗಿದ್ದರೆ ಅಡ್ವಿಲ್? ಅಂದರೆ ಐಬುಪ್ರೊಫೆನ್. ಅದು, ಆಸ್ಪಿರಿನ್, ಅಲೀವ್ ಎಲ್ಲವೂ ಹೊಟ್ಟೆಯ ಒಳಪದರವನ್ನು ಕೆಡಿಸುವ ಗುಂಪಿಗೆ ಸೇರಿದವು. ಹುಣ್ಣು, ಅಸಿಡಿಟಿ, ಮೂತ್ರಪಿಂಡದ ತೊಂದರೆ ಇಲ್ಲದವರು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳದವರು, ಗಂಜಿ ಉಂಡು ಹೊಟ್ಟೆ ನೆಲೆಗೊಂಡ ಮೇಲೆ ಒಂದು ಗುಳಿಗೆ ತೆಗೆದುಕೊಳ್ಳಬಹುದು. ವಾಂತಿ ನಿಲ್ಲದವರು ಮುಟ್ಟಬಾರದು. ಹೊಟ್ಟೆ ಉರಿಗೆ ಈನೋ ಆದೀತು, ಆದರೆ ನೋಡಲು ಅದರಂತೆಯೇ ನೊರೆಯುವ ಇಲ್ಲಿನ ಮೂಲ ಆಲ್ಕಾ ಸೆಲ್ಟ್ಜರ್‌ನಲ್ಲಿ ಆಸ್ಪಿರಿನ್ ಇದೆ, ಪೆಪ್ಟೊ ಬಿಸ್ಮಾಲ್‌ನಲ್ಲಿ ಅದೇ ಕುಲದ ಸ್ಯಾಲಿಸಿಲೇಟ್ ಇದೆ. ನನ್ನನ್ನು ಕೇಳಿದರೆ ತಲೆನೋವಿಗೆ ಹಣೆಯ ಮೇಲೆ ಒದ್ದೆ ಬಟ್ಟೆ, ಕತ್ತಲೆ ಕೋಣೆ, ಒಂದು ಗಂಟೆ ತಾಳ್ಮೆ.

ಕೆಲವು ನಂಬಿಕೆಗಳನ್ನು ಬೇಗ ಬೇಗ ಮುಗಿಸುತ್ತೇನೆ. ಬೆಳಿಗ್ಗೆ ಇನ್ನೊಂದು ಸ್ಮಾಲ್ ಹಾಕಿದರೆ ಇಳಿಯುತ್ತದೆ ಎನ್ನುವುದು ಬಾಕಿಯನ್ನು ಮುಂದೂಡುವ ಕೆಲಸ. ಅದು ರೂಢಿಯಾದರೆ ಚಟದ ಮೊದಲ ಮೆಟ್ಟಿಲು. ಬಿಯರು ಮೊದಲು, ವೈನು ಆಮೇಲೆ ಎಂಬ ಕ್ರಮದ ಲೆಕ್ಕವೂ ಸುಳ್ಳು. ಜರ್ಮನಿಯಲ್ಲಿ 90 ಜನರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯಾವುದನ್ನು ಮೊದಲು ಕುಡಿದರೂ ಹ್ಯಾಂಗೋವರಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಣ್ಣದ ಮಾತಿನಲ್ಲಿ ಮಾತ್ರ ಸ್ವಲ್ಪ ಸತ್ಯವಿದೆ. ಹುದುಗುವಾಗ, ಪೀಪಾಯಿಯಲ್ಲಿ ಹಳೆಯದಾಗುವಾಗ ಹುಟ್ಟುವ ಕಂಜನರ್ ಎಂಬ ಉಪವಸ್ತುಗಳು ಬರ್ಬನ್, ಬ್ರಾಂದಿ, ಕೆಂಪು ವೈನುಗಳಲ್ಲಿ ಹೆಚ್ಚು, ವೋಡ್ಕಾ, ಜಿನ್‌ಗಳಲ್ಲಿ ಕಡಿಮೆ. 2010ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಬರ್ಬನ್ ಕುಡಿದವರಿಗೆ ವೋಡ್ಕಾ ಕುಡಿದವರಿಗಿಂತ ಹೆಚ್ಚು ಕೆಟ್ಟದೆನಿಸಿತು. ಆದರೆ ಮರುದಿನ ಗಮನವಿಟ್ಟು ಕೆಲಸ ಮಾಡುವ ಪರೀಕ್ಷೆಯಲ್ಲಿ ಎರಡೂ ಗುಂಪು ಒಂದೇ ಸಮ ಹಿಂದೆ ಬಿದ್ದವು.

ಒಂದು ಹಳ್ಳಿ ಮದ್ದಂತೂ ಅಪಾಯಕಾರಿ. ಮೈಮೇಲೆ ಎಚ್ಚರವಿಲ್ಲದವರ ಬಾಯಿಗೆ ಹುಣಸೆ ನೀರನ್ನೋ ನಿಂಬೆ ರಸವನ್ನೋ ಮಜ್ಜಿಗೆಯನ್ನೋ ಹುಯ್ದು ವಾಂತಿ ಮಾಡಿಸುವುದು. ಅದು ಶ್ವಾಸಕೋಶಕ್ಕೆ ಹೋದರೆ ಜೀವ ಹೋಗುತ್ತದೆ. ಎದ್ದು ಕೂತು ತಾನೇ ಲೋಟ ಹಿಡಿಯಲಾರದವರಿಗೆ ಏನನ್ನೂ ಕುಡಿಸಬಾರದು.

ಸಕ್ಕರೆ ಕಾಯಿಲೆಯವರಿಗೆ ಎರಡು ಮಾತು. ಯಕೃತ್ತು ಸಕ್ಕರೆ ಬಿಡುಗಡೆ ಮಾಡುವುದನ್ನು ಮದ್ಯ ತಡೆಯುವುದರಿಂದ, ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮರುದಿನ ಬೆಳಿಗ್ಗೆಯೂ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಡುಕ, ಬೆವರು, ಗೊಂದಲ ಎಲ್ಲವೂ ಹ್ಯಾಂಗೋವರಿನಂತೆಯೇ ಕಾಣುತ್ತವೆ. ಎದ್ದ ಕೂಡಲೇ ಬೆರಳು ಚುಚ್ಚಿ ನೋಡಿ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಅತಿಯಾಗಿ ಕುಡಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯವಿದೆ. ವಾಂತಿ ನಿಲ್ಲದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಇನ್ನು ಕಾರು. ರಾತ್ರಿ ಎಂಟಕ್ಕೆ ಶುರು ಮಾಡಿ ಮಧ್ಯರಾತ್ರಿಯೊಳಗೆ ಆರು ಲಾರ್ಜ್ ಕುಡಿದ, 80 ಕಿಲೋ ತೂಕದ ಒಬ್ಬ ಗಂಡಸನ್ನು ಊಹಿಸಿಕೊಳ್ಳಿ. ಸಾಮಾನ್ಯ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ ಬೆಳಿಗ್ಗೆ ಏಳಕ್ಕೂ ಅವನ ರಕ್ತದಲ್ಲಿ ಶೇ 0.04ರ ಆಸುಪಾಸು ಮದ್ಯ ಉಳಿದಿರುತ್ತದೆ. ಭಾರತದ ಮಿತಿ ಶೇ 0.03, ಅಲ್ಲಿ ಅವನು ಸಿಕ್ಕಿಬೀಳುತ್ತಾನೆ. ನ್ಯೂಜೆರ್ಸಿಯ ಮಿತಿ 0.08. ಹಾಗೆಂದು ನಿಟ್ಟುಸಿರು ಬಿಡುವಂತಿಲ್ಲ. ಬೇಸ್‌ಮೆಂಟಿನ ಕೈ ಅಳತೆಯಲ್ಲಿ ಆರು ಎಂದದ್ದು ಎಂಟಾಗಿದ್ದರೆ ಇಲ್ಲಿನ ಮಿತಿಯೂ ದಾಟಿರುತ್ತದೆ. ಹೆಂಗಸರಲ್ಲಿ, ತೂಕ ಕಡಿಮೆ ಇರುವವರಲ್ಲಿ ಅಷ್ಟೇ ಮದ್ಯಕ್ಕೆ ಅಂಕಿ ಇನ್ನೂ ಮೇಲೆ ಹೋಗುತ್ತದೆ. ಮದ್ಯ ಪೂರ್ತಿ ಇಳಿದ ಮೇಲೂ ಹ್ಯಾಂಗೋವರಿನಲ್ಲಿ ಗಮನ ಮತ್ತು ಪ್ರತಿಕ್ರಿಯೆ ನಿಧಾನವಾಗಿರುತ್ತವೆ. ಟರ್ನ್‌ಪೈಕಿನಲ್ಲಿ ಎರಡೂ ಬದಿಗೆ ಟ್ರೈಲರ್ ಲಾರಿಗಳು ಓಡುವಾಗ ಅದು ಸಣ್ಣ ಮಾತಲ್ಲ.

ಇಲ್ಲಿ ಕುಡಿದು ಓಡಿಸಿ ಮೊದಲ ಸಲ ಸಿಕ್ಕಿದರೆ ದಂಡ 250ರಿಂದ 500 ಡಾಲರ್ ಎಂದು ಕೇಳಿ ಹಗುರ ಎನಿಸಬಹುದು. ಅದರ ಮೇಲೆ ಮೂರು ವರ್ಷ, ವರ್ಷಕ್ಕೆ 1,000 ಡಾಲರ್ ಸರ್ಚಾರ್ಜ್, ಊದದೆ ಸ್ಟಾರ್ಟ್ ಆಗದಂತೆ ಕಾರಿಗೆ ಕೂರಿಸುವ ಯಂತ್ರ, ಏರುವ ವಿಮೆ. ಎಚ್1ಬಿಯಂಥ ವೀಸಾದಲ್ಲಿರುವವರಿಗೆ ಬಿಸಿ ಇನ್ನೂ ಹೆಚ್ಚು: 2015ರಿಂದ ಈಚೆಗೆ, ಶಿಕ್ಷೆ ಆಗುವುದಕ್ಕೂ ಮೊದಲೇ, ಬಂಧನವಾಯಿತು ಎಂಬ ಕಾರಣಕ್ಕೇ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು.

ಪಾರ್ಟಿ ಕೊಟ್ಟವರಿಗೂ ಹೊಣೆ ಇದೆ. ಕೆಲ್ಲಿ ವಿರುದ್ಧ ಗ್ವಿನ್ನೆಲ್ ಎಂಬ ಮೊಕದ್ದಮೆಯಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1984ರಲ್ಲಿ ಒಂದು ತೀರ್ಪು ಕೊಟ್ಟಿತು: ಅಮಲು ಕಣ್ಣಿಗೆ ಕಾಣುತ್ತಿದ್ದರೂ, ಕಾರು ಓಡಿಸುತ್ತಾನೆಂದು ಗೊತ್ತಿದ್ದರೂ ಅತಿಥಿಗೆ ಮನೆಯಲ್ಲಿ ಮದ್ಯ ಬಡಿಸಿದವರು, ಆಮೇಲೆ ಅವನ ಕಾರಿನಿಂದ ಗಾಯಗೊಂಡವರಿಗೆ ಪರಿಹಾರ ಕೊಡಬೇಕಾಗಬಹುದು ಎಂದು. ಆದ್ದರಿಂದ "ಇವತ್ತು ಇಲ್ಲೇ ಮಲಗಿಬಿಡಿ ಸಾರ್" ಎಂಬ ನಮ್ಮ ಉಪಚಾರದ ಮಾತನ್ನು ಬಾಯಿಮಾತಿಗೆ ಬಿಡದೆ ಹಾಸಿಗೆ ಹಾಸಿಯೇ ಹೇಳಿ. ಬಾಗಿಲ ಬಳಿ ಒಂದು ಬುಟ್ಟಿ ಇಟ್ಟು ಕೀಲಿಗಳನ್ನು ಮೊದಲೇ ಅದರಲ್ಲಿ ಹಾಕಿಸಿಕೊಳ್ಳುವ ಮನೆಗಳಿವೆ. ಜೊತೆಗೆ ಮೊದಲ ಪೆಗ್ಗಿಗಿಂತ ಮೊದಲು ಊಟ ಬಡಿಸಿ, ಹತ್ತು ಡಾಲರ್ ಕೂಡ ಆಗದ ಒಂದು ಪೆಗ್ ಅಳತೆ ತಂದಿಡಿ. ಊಟವನ್ನು ರಾತ್ರಿ ಹನ್ನೊಂದಕ್ಕೆ ತಳ್ಳಿ ಖಾಲಿ ಹೊಟ್ಟೆಗೆ ಗುಂಡು ಹಾಕಿಸುವುದು ನಮ್ಮ ಪಾರ್ಟಿಗಳ ದೊಡ್ಡ ದೋಷ.

ಕೆಲವು ಸ್ಥಿತಿಗಳಲ್ಲಿ ಮನೆಮದ್ದಿನ ಪ್ರಶ್ನೆಯೇ ಬರುವುದಿಲ್ಲ. ಅಲುಗಾಡಿಸಿದರೂ ಏಳದವರು, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಉಸಿರಾಡುವವರು ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡು ಅಂತರ ಬೀಳುವವರು, ಮೈ ತಣ್ಣಗಾಗಿ ತುಟಿ ನೀಲಿಯಾದವರು, ಫಿಟ್ಸ್ ಬಂದವರು, ನಿದ್ದೆಯಲ್ಲೇ ವಾಂತಿ ಮಾಡಿಕೊಳ್ಳುವವರು. ಇಲ್ಲಿ 911ಕ್ಕೆ, ಊರಿನಲ್ಲಾದರೆ 108ಕ್ಕೆ ತಕ್ಷಣ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಿಟ್ಟು ಹೋಗಬೇಡಿ. ನಿದ್ದೆ ಮಾಡಿ ಸರಿಹೋಗಲಿ ಎಂದು ಬಾಗಿಲು ಮುಚ್ಚಬೇಡಿ. ಹೊಟ್ಟೆಯಲ್ಲಿರುವ ಮದ್ಯ ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ವಾಂತಿಯಲ್ಲಿ ರಕ್ತ, ಕಾಫಿ ಗಸಿಯಂಥ ಬಣ್ಣ, ಹಿಂದಿನ ರಾತ್ರಿ ಬಿದ್ದು ತಲೆಗೆ ಪೆಟ್ಟಾಗಿ ಹೆಚ್ಚುತ್ತಿರುವ ತಲೆನೋವು ಇದ್ದರೂ ಆಸ್ಪತ್ರೆಗೆ ಹೋಗಬೇಕು. ಕ್ರ್ಯಾನ್‌ಬರಿಗೆ ಹತ್ತಿರದ್ದು ಪ್ಲೇನ್ಸ್‌ಬರೊದ ಪೆನ್ ಮೆಡಿಸಿನ್ ಪ್ರಿನ್ಸ್‌ಟನ್ ಮೆಡಿಕಲ್ ಸೆಂಟರ್, ಒಂದನೇ ಹೆದ್ದಾರಿಯ ಮೇಲೆ.

ಕೊನೆಯದಾಗಿ, ಹ್ಯಾಂಗೋವರ್ ಎಂದು ಕರೆಯುವುದೆಲ್ಲ ಹ್ಯಾಂಗೋವರ್ ಅಲ್ಲ. ದಿನಾ ಕುಡಿಯುವವರಿಗೆ ಒಂದು ದಿನ ಬಿಟ್ಟರೆ ಬೆಳಿಗ್ಗೆ ಕೈ ನಡುಗುವುದು, ಬೆವರುವುದು, ಎದೆ ಡವಗುಟ್ಟುವುದು, ಒಂದು ಗುಟುಕು ಬಿದ್ದ ಕೂಡಲೇ ಅದು ನಿಲ್ಲುವುದು, ಇವು ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂಬುದರ ಗುರುತು. ಅಂಥವರು ಗಟ್ಟಿ ಮನಸ್ಸು ಮಾಡಿ ಒಮ್ಮೆಲೇ ಬಿಡಲು ಹೋದರೆ ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಬಿಡುವುದು ವೈದ್ಯರ ಕಣ್ಣೆದುರೇ ಆಗಬೇಕು. ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡುವುದು ಊರಿನಲ್ಲೂ ಇದೆ, ಇಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಭಾರತದ ಉಚಿತ ಸಹಾಯವಾಣಿ 14446. ಅಮೆರಿಕದಲ್ಲಿ 1-800-662-4357ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಹೆಸರು ಹೇಳಬೇಕಾಗಿಲ್ಲ. ಮದ್ಯದ ಜೊತೆ ಯಾವ ಗುಳಿಗೆ ನುಂಗಿದೆ, ಏನು ಮಾಡಲಿ ಎಂಬ ಗಾಬರಿಯಿದ್ದರೆ 1-800-222-1222, ವಿಷ ನಿಯಂತ್ರಣ ಕೇಂದ್ರ. ಅದೂ ಉಚಿತ, 24 ಗಂಟೆಯೂ ತೆರೆದಿರುತ್ತದೆ, ಇಂಗ್ಲಿಷ್ ಬಾರದ ಅಪ್ಪ ಅಮ್ಮ ಮನೆಯಲ್ಲಿದ್ದರೆ ದುಭಾಷಿಯನ್ನೂ ಕೊಡುತ್ತಾರೆ. ಈ ನಂಬರುಗಳನ್ನು ಫ್ರಿಜ್ಜಿನ ಮೇಲೆ ಅಂಟಿಸಿಡಿ.